ಹತ್ತು ಕಿಲೋಮೀಟರ್ ಮ್ಯಾರಥಾನ್

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ವರ್ಲ್ಡ್ 10ಕೆ ಓಟ ಹತ್ತೇ ಕಿಲೋಮೀಟರ್. ಅಲ್ಲಿನ ಅನ್ನಪೂರ್ಣೇಶ್ವರಿ ನಗರ ಬಡಾವಣೆಯ ಲೆಕ್ಕದಲ್ಲಿ ಅದೂ ಮ್ಯಾರಥಾನೇ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಯನ್ನು ಆರಿಸಿಕೊಂಡು, ಅದರ ಹೆಸರಲ್ಲಿ ಪರಿಚಿತರಿಂದ ದೇಣಿಗೆ ಎತ್ತುವುದು ಓಟಗಾರರ ಕ್ರಮ. ವಸೂಲಿ ನಡೆಯುವುದು ದರ್ಶಿನಿಯ ಮುಂದೆ, ಬೈಟೂ ಕಾಫಿಯ ಹೊತ್ತಿಗೆ.

"ಅಂಕಲ್, ಡಿಮೆನ್ಶಿಯಾ ಇರೋರಿಗೋಸ್ಕರ ಓಡ್ತಿದೀನಿ. ದೇಶದಲ್ಲಿ ಸುಮಾರು 88 ಲಕ್ಷ ಹಿರಿಯರಿಗಿದೆಯಂತೆ."

"ಒಳ್ಳೇದಪ್ಪ. ನಿಮ್ಮಜ್ಜಿಗೂ ಇದೆಯಲ್ಲ, ಯಾರು ನೋಡ್ಕೋತಾರೆ?"

"ಅಮ್ಮ. ನನಗೆ ಬೆಳಗ್ಗೆ ಸಂಜೆ ಪ್ರಾಕ್ಟೀಸು."

"ಸರಿ, ಸರಿ."

"ನೀವು ಐನೂರು ಕೊಡ್ತೀನಿ ಅಂದಿದ್ರಿ..."

"ನಾನಾ? ಜ್ಞಾಪಕವೇ ಇಲ್ಲ ನೋಡು!"

ಈ ಬಗೆಯ ಮರೆವನ್ನು ವೈದ್ಯರು ಡಿಮೆನ್ಶಿಯಾಕ್ಕೆ ಸೇರಿಸುವುದಿಲ್ಲ. ತೆರಿಗೆ ವಿನಾಯಿತಿಯ ರಸೀದಿ ಸಿಗುತ್ತದೆ ಎಂದೊಡನೆ ಅದು ತಾನಾಗಿ ವಾಸಿಯಾಗುತ್ತದೆ.