ನಿಮಗೆ ಹಾಗನ್ನಿಸ್ತಿದೆ

ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ ಒಂದು ಮುಖ ತಾನಾಗಿಯೇ ಬಂದುಬಿಡುತ್ತದೆ. ಎದುರಿಗಿದ್ದವರು ಪಾಸ್‌ಬುಕ್ಕಿನಿಂದ ಶುರುಮಾಡಿ ಮಗನ ಮದುವೆಯವರೆಗೆ ಹೇಳಿಕೊಂಡು ಹೋಗುತ್ತಿದ್ದರೆ, ಕೈ ನೋಟೆಣಿಸುತ್ತಿರುತ್ತದೆ, ತಲೆ ತೂಗುತ್ತಿರುತ್ತದೆ. ಅದನ್ನು ನೋಡಿದ ಜನ "ಮೇಡಂ ಎಷ್ಟು ತಾಳ್ಮೆಯಿಂದ ಕೇಳ್ತಾರೆ" ಎಂದರು. ಹೊಗಳಿಕೆಯನ್ನು ನಂಬುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಸ್ವಯಂನಿವೃತ್ತಿ ತೆಗೆದುಕೊಂಡು, ಮೈಸೂರಿನಲ್ಲೇ ಆಪ್ತಸಮಾಲೋಚನೆಯ ಕೋರ್ಸಿಗೆ ಸೇರಿದೆ. ಜೊತೆಗಿದ್ದವರೆಲ್ಲ ಮಗಳ ವಯಸ್ಸಿನವರು. ಈ ಕ್ಷೇತ್ರಕ್ಕೆ ಯಾಕೆ ಬಂದಿರಿ ಎಂದು ಎಲ್ಲರನ್ನೂ ಕೇಳಿದರು. ಹುಡುಗಿಯರು ಬಾಲ್ಯದ ಗಾಯ, ಸಮಾಜದ ಕಳಂಕ ಎಂದೆಲ್ಲ ಹೇಳಿದರು. ನಾನು "ಪಿಂಚಣಿ ಬರುತ್ತೆ" ಎಂದೆ.

ನಮ್ಮದು ಸಲಹೆಗಾರರ ವಂಶ. ಅಜ್ಜ ಪಂಚಾಂಗ ನೋಡಿ ಹೇಳುತ್ತಿದ್ದರು, ಅಪ್ಪ ನೋಡದೆಯೇ ಹೇಳುತ್ತಿದ್ದರು. ಅಂಥ ಮನೆಯ ಕುಡಿಗೆ ಕಾರ್ಲ್ ರೋಜರ್ಸ್ ಗಂಟುಬಿದ್ದ. ಅಮೆರಿಕದ ಈ ಮನಃಶಾಸ್ತ್ರಜ್ಞ 1951ರಲ್ಲಿ ಪುಸ್ತಕವನ್ನೇ ಬರೆದು, ಬಂದವರಿಗೆ ದಾರಿ ತೋರಿಸುವುದು ನಿಮ್ಮ ಕೆಲಸವಲ್ಲ, ಅವರ ದಾರಿ ಅವರಿಗೇ ಕಾಣುತ್ತದೆ ಎಂದುಬಿಟ್ಟ. ನಾವು ಮಾಡಬೇಕಾದ್ದು ಇಷ್ಟೇ: ಅವರ ಲೋಕವನ್ನು ಅವರ ಕಣ್ಣಿನಿಂದಲೇ ನೋಡುವುದು, ಷರತ್ತು ಹಾಕದೆ ಅವರನ್ನು ಒಪ್ಪಿಕೊಳ್ಳುವುದು, ಒಳಗೊಂದು ಹೊರಗೊಂದು ಇಲ್ಲದಿರುವುದು. ನನಗೆ ಮೂರನೆಯದೇ ಕಷ್ಟ. ಒಳಗಿದ್ದದ್ದು ಹೊರಗೆ ಬಂದರೆ ಮೊದಲೆರಡು ಉಳಿಯುವುದಿಲ್ಲ.

ರೂಢಿಯಾಗಲೆಂದು ಮನೆಯಲ್ಲೇ ಶುರುಮಾಡಿದೆ. ಎದುರಿನವರು ಹೇಳಿದ್ದರಲ್ಲಿನ ಭಾವನೆ ಹಿಡಿದು ಅವರಿಗೇ ಮರಳಿಸಬೇಕು ಎಂಬುದು ಪಾಠ.

"ಸಾರಿಗೆ ಉಪ್ಪಿಲ್ಲ" ಎಂದರು ಯಜಮಾನರು.

"ಸಾರಿಗೆ ಉಪ್ಪಿಲ್ಲ ಅಂತ ನಿಮಗೆ ಅನ್ನಿಸ್ತಿದೆ."

"ಅನ್ನಿಸ್ತಿಲ್ಲ ಕಣೇ. ಇಲ್ಲ."

"ಅದರಿಂದ ನಿಮಗೆ ಒಂಥರಾ ನಿರಾಸೆ ಆಗಿದೆ."

ಅವರು ಎದ್ದುಹೋಗಿ ಉಪ್ಪಿನ ಡಬ್ಬ ತಂದುಕೊಂಡರು. ರೋಜರ್ಸ್ ಹೇಳಿದ್ದು ಸರಿಯೇ, ಅವರ ದಾರಿ ಅವರಿಗೇ ಕಂಡಿತು. ಅತ್ತೆಯ ಎದುರು ಕೂತು "ನೀವು ಹೇಳ್ತಿರೋದು ನನಗೆ ಕೇಳಿಸ್ತಿದೆ ಅತ್ತೆ" ಎಂದೆ. "ಇಷ್ಟು ವರ್ಷ ಆದ್ಮೇಲಾ?" ಎಂದರು.

ಜೆರಾರ್ಡ್ ಈಗನ್ ಎಂಬಾತ ಕೂರುವ ಕ್ರಮವನ್ನೂ ಹೇಳಿಟ್ಟಿದ್ದಾನೆ. ನೇರ ಎದುರಿಗೆ ಕೂತು, ಕೈಕಟ್ಟದೆ, ತುಸು ಮುಂದಕ್ಕೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು, ಇಷ್ಟೆಲ್ಲ ಮಾಡಿಯೂ ಆರಾಮಾಗಿರಬೇಕು. ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತ ಹೆಂಗಸೊಬ್ಬರ ಮೇಲೆ ಪ್ರಯೋಗಿಸಿದೆ. ಆಕೆ ಮೊದಲು ಸೆರಗು ನೋಡಿಕೊಂಡರು, ಆಮೇಲೆ ಮೂಗುಬೊಟ್ಟು ಮುಟ್ಟಿಕೊಂಡರು, ಕೊನೆಗೆ ಪರ್ಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದರು.

ಮಗನಿಗಂತೂ ತಮಾಷೆಯೋ ತಮಾಷೆ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಲೋಕಕ್ಕೆ ತೋರಿಸಿದ. ಅದು ರೋಜರ್ಸ್ ಪಂಥದ ಸಮಾಲೋಚಕನ ವೇಷ ಹಾಕಿ, ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು. ಒಂದಕ್ಷರವೂ ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಆದರೂ ವೈಜೆನ್‌ಬಾಮನ ಸೆಕ್ರೆಟರಿ ಅದರ ಜೊತೆ ಸ್ವಲ್ಪ ಹೊತ್ತು ಮಾತಾಡಿದ್ದೇ, ನೀವು ಕೊಂಚ ಹೊರಗಿರಿ ಎಂದು ಅವನನ್ನೇ ಕೋಣೆಯಿಂದ ಕಳಿಸಿದಳಂತೆ. "ನೀನೂ ಅದನ್ನೇ ಮಾಡ್ತಿದೀಯಮ್ಮ" ಎಂದ ಮಗ. ಹೋಲಿಕೆಗೆ ನಾನು ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಜೊತೆ ಮಾತಾಡಲು ಇದುವರೆಗೆ ಯಾರೂ ಯಾರನ್ನೂ ಹೊರಗೆ ಕಳಿಸಿಲ್ಲ, ತಾವೇ ಎದ್ದುಹೋಗುತ್ತಾರೆ, ಬೇಜಾರು ಅದಕ್ಕೆ.

(ಡಾಕ್ಟರ್ ಎಂ. ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ 'ಕೊರವಂಜಿ' ಪತ್ರಿಕೆ ಹೊರಡಿಸಿ ನಾಡನ್ನು ನಗಿಸಿದರು. ಮನಸ್ಸಿನ ಬಗ್ಗೆ 'ಮನಮಂಥನ' ಬರೆದು 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆದರು. ಅವರು ಎರಡನ್ನೂ ಬೇಕೆಂದೇ ಮಾಡಿದವರು. ನಾನು ಎರಡನೆಯದಕ್ಕೆ ಹೊರಟರೆ ಮೊದಲನೆಯದು ತಾನಾಗಿ ಆಗುತ್ತದೆ.)

ಪ್ರಾಕ್ಟಿಕಲ್‌ಗೆಂದು ಒಂದು ಸಮಾಲೋಚನಾ ಕೇಂದ್ರಕ್ಕೆ ಹಾಕಿದರು. ಸೆಷನ್ 50 ನಿಮಿಷ. ಬಂದವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಳ್ಳಬೇಕು, ಆಡಿದ್ದನ್ನೆಲ್ಲ ಅಕ್ಷರಶಃ ಬರೆದು ಮೇಲ್ವಿಚಾರಕರಿಗೆ ಒಪ್ಪಿಸಬೇಕು. ನನ್ನ ಪಾಲಿಗೆ ಬಂದವರು ವಯಸ್ಸಾದ ಒಬ್ಬ ಅಮ್ಮ. ಅವರ ಕಷ್ಟವನ್ನು ಇಲ್ಲಿ ಬರೆಯುವಂತಿಲ್ಲ. ನಾನು ಪಟ್ಟ ಪಾಡು ಬರೆಯಲು ಅಡ್ಡಿಯಿಲ್ಲ.

"ಏನ್ ಮಾಡ್ಲಿ ಹೇಳಿ ಮೇಡಂ."

"ನಾನೇ ಏನಾದ್ರೂ ಹೇಳ್ಬೇಕು ಅಂತ ನಿಮಗೆ ಅನ್ನಿಸ್ತಿದೆ."

"ಹೂಂ. ಹೇಳಿ."

ನಾಲಿಗೆಯ ತುದಿಯಲ್ಲಿ ಅಜ್ಜ, ಅಪ್ಪ ಇಬ್ಬರೂ ಬಂದು ನಿಂತಿದ್ದರು. ನುಂಗಿಕೊಂಡೆ. "ನಿಮಗೆ ಏನು ತೋಚುತ್ತೆ?"

"ತೋಚಿದ್ರೆ ಎರಡು ಬಸ್ ಹತ್ಕೊಂಡು ಇಲ್ಲಿಗ್ಯಾಕೆ ಬರ್ತಿದ್ದೆ?"

ಇದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಹಾಗಾಗಿ ನಿಜವಾಗಿಯೂ ಸುಮ್ಮನಾದೆ. ತುಂಬ ಹೊತ್ತಿನ ಮೇಲೆ ಅಮ್ಮ ತಾವಾಗಿಯೇ ಮಾತು ತೆಗೆದರು, ಅತ್ತರು, ಯಾರ ಹತ್ತಿರ ಹೋಗಿ ಏನು ಕೇಳಬೇಕೆಂಬುದನ್ನೂ ತಾವೇ ಹೇಳಿಕೊಂಡರು. ನನ್ನದು ಬರೀ ಹೂಂ. ಸಮಯ ಮುಗಿಯಿತು. "ನೆಕ್ಸ್ಟ್" ಎಂಬ ಮಾತು ಗಂಟಲಿಗೆ ಬಂದಿದ್ದನ್ನೂ ತಡೆದೆ. ಅಮ್ಮ ಏಳಲು ಹೋಗಿ, ಮಂಡಿ ಹಿಡಿದುಕೊಂಡು "ಅಯ್ಯಮ್ಮಾ" ಎಂದರು.

ಕಟ್ಟೆ ಒಡೆಯಿತು. ಹರಳೆಣ್ಣೆ ಬಿಸಿ ಮಾಡಿ ಹಚ್ಚಿ, ಎಕ್ಕದ ಎಲೆ ಕಟ್ಟಿ, ನೆಲದ ಮೇಲೆ ಕೂರಬೇಡಿ, ಬಾಣಂತನದಲ್ಲಿ ನಿಮಗೆ ಸರಿಯಾಗಿ ಆರೈಕೆ ಆಗಿಲ್ಲ, ನಮ್ಮತ್ತೆಗೆ ನೋಡಿದ ಡಾಕ್ಟ್ರು ಅಗ್ರಹಾರದಲ್ಲಿದ್ದಾರೆ, ಬೆಳಿಗ್ಗೆ ಬೇಗ ಹೋದ್ರೆ ರಷ್ ಇರಲ್ಲ, ಸ್ಕ್ಯಾನಿಂಗ್ ಅಂದ್ರೆ ಒಪ್ಕೋಬೇಡಿ. ಬಾಗಿಲವರೆಗೂ ಹೇಳುತ್ತಲೇ ಹೋದೆ. ಮೇಜಿನ ಮೇಲೆ ರೆಕಾರ್ಡರ್ ಓಡುತ್ತಲೇ ಇತ್ತು.

ಅಕ್ಷರಶಃ ಬರೆದುಕೊಟ್ಟ ಹಾಳೆಗಳಲ್ಲಿ ಎಕ್ಕದ ಎಲೆಯ ಸುತ್ತ ಮೇಲ್ವಿಚಾರಕರು ಕೆಂಪು ಗೆರೆ ಎಳೆದಿದ್ದರು. "ಆ ಹೊತ್ತಿನಲ್ಲಿ ನಿಮ್ಮೊಳಗೆ ಏನಾಗ್ತಿತ್ತು?" ಎಂದು ಕೇಳಿದರು.

"ಹಾಯ್ ಅನ್ನಿಸ್ತಿತ್ತು ಸಾರ್" ಎಂದೆ. ಒಳಗೊಂದು ಹೊರಗೊಂದು ಇರಲಿಲ್ಲ ಎಂಬುದನ್ನು ಅವರು ಗಮನಿಸಲಿಲ್ಲ.

ಮುಂದಿನ ವಾರ ಅಮ್ಮ ಬಂದರು, ಸೊಂಟ ಹಿಡಿದುಕೊಂಡ ಓರಗಿತ್ತಿಯನ್ನೂ ಕರೆತಂದಿದ್ದರು. ರಿಸೆಪ್ಷನ್ನಿನಲ್ಲಿ ನನ್ನ ಹೆಸರು ಅವರಿಗೆ ನೆನಪಾಗಲಿಲ್ಲ. "ಮಂಡಿನೋವಿನ ಮೇಡಂ ಇದಾರಾ?" ಎಂದು ಕೇಳುತ್ತಿದ್ದುದು ಒಳಗಿನವರೆಗೂ ಕೇಳಿಸಿತು. ಗೋಪ್ಯತೆ ಕಾಯಬೇಕಾದ್ದರಿಂದ ಮಂಡಿ ಎಂದು ಬದಲಿಸಿ ಬರೆದಿದ್ದೇನೆ. ಅದು ಬೇರೆ ಕೀಲು.