ಅತ್ಲಾಗ್ ಸರ್ಕೊ ಕಣಮ್ಮ

ಮೈಸೂರಿಗೆ ಬಂದ ಮೊದಲ ಭಾನುವಾರವೇ ಇಗರ್ಜಿಯಲ್ಲಿ ನನ್ನನ್ನು ಕೂತ ಜಾಗದಿಂದ ಎಬ್ಬಿಸಿದರು. ಎಬ್ಬಿಸಿದ್ದು ಫಾದರ್ ಅಲ್ಲ, ಎಂಬತ್ತರ ಹತ್ತಿರದ ಒಬ್ಬ ಅಜ್ಜಿ. ತುರುಬಿನ ತುಂಬ ಮಲ್ಲಿಗೆ, ಕೈಯಲ್ಲಿ ಜಪಸರ. ನಾನು ಮೂರನೇ ಬೆಂಚಿನ ತುದಿಯಲ್ಲಿ, ಸರಿಯಾಗಿ ಫ್ಯಾನಿನ ಕೆಳಗೆ, ಭಕ್ತಿಯಿಂದ ಕಣ್ಣು ಮುಚ್ಚಿದ್ದೆ. ಭುಜಕ್ಕೆ ಎರಡು ಬೆರಳು ತಿವಿದವು.

"ಅದು ನಮ್ ಜಾಗ ಕಣಮ್ಮ. ಅತ್ಲಾಗ್ ಸರ್ಕೊ."

ಸರಿದೆ. ಮೂವತ್ತೆರಡು ವರ್ಷ ಪ್ರೈಮರಿ ಶಾಲೆಯಲ್ಲಿ ಊರ ಮಕ್ಕಳನ್ನೆಲ್ಲ ಬೆಂಚಿನಿಂದ ಎಬ್ಬಿಸಿ ನಿಲ್ಲಿಸಿದವಳು ನಾನು. ದೇವರು ಲೆಕ್ಕ ಇಟ್ಟಿರುತ್ತಾನೆ.

ಆದರೂ ಸಿಟ್ಟು ಬಂತು. ನಾನು ಉಡುಪಿ ಹತ್ತಿರದ ಶಂಕರಪುರದ ಕಡೆಯವಳು. ಮಲ್ಲಿಗೆಯನ್ನು ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುವ ಊರು. ನಮ್ಮೆದುರಿಗೇ ಮೈಸೂರು ಮಲ್ಲಿಗೆ ಮುಡಿದು ಇಷ್ಟು ಜೋರೇ? ಮುಂದಿನ ಭಾನುವಾರ ಮುನಿಸಿಕೊಂಡು ಸಂತ ಫಿಲೋಮಿನಾಕ್ಕೆ ಹೋದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೇ ಅಡಿಗಲ್ಲು ಇಟ್ಟ ಮಂದಿರ. 175 ಅಡಿಯ ಜೋಡಿ ಗೋಪುರ ನೋಡಿ ನೋಡಿ ಕತ್ತು ಉಳುಕಿತು. ಅರ್ಧ ಜನ ಭಕ್ತರು, ಅರ್ಧ ಜನ ಸೆಲ್ಫಿಯವರು. ಎಲ್ಲಿ ಬೇಕಾದರೂ ಕೂರಬಹುದಿತ್ತು. ಕೂತೆ. ಯಾರೂ ಎಬ್ಬಿಸಲಿಲ್ಲ, ಯಾರೂ ಏನೂ ಕೇಳಲೂ ಇಲ್ಲ. ಪೂಜೆ ಮುಗಿಯಿತು, ಆಟೋ ಹತ್ತಿ ಮನೆಗೆ ಬಂದೆ. ಮದುವೆಮನೆಗೆ ಹೋಗಿ ಊಟ ಮಾಡದೆ ಬಂದ ಹಾಗಿತ್ತು.

ಮೂರನೇ ವಾರ ಮತ್ತೆ ಹಳೇ ಜಾಗಕ್ಕೇ ಹೋದರೆ ಅಜ್ಜಿ ತಿರುಗಿಯೂ ನೋಡದೆ ಕೇಳಿದಳು: "ಹೋದ್ ವಾರ ಎಲ್ಲೋಗಿದ್ದೆ?"

ಹೀಗೆ ಹಾಜರಿ ಕೇಳುವವರಿರುವ ಧರ್ಮಕೇಂದ್ರಕ್ಕೆ ನಮ್ಮ ಕಡೆ ಕೊಂಕಣಿಯಲ್ಲಿ ಫಿರ್ಗಜ್ ಅನ್ನುತ್ತೇವೆ. ಪೋರ್ಚುಗೀಸರ ಮಾತೊಂದು ನಮ್ಮ ಬಾಯಲ್ಲಿ ಸವೆದು ಹಾಗಾದದ್ದು. ಬೇರು ಹುಡುಕಿಕೊಂಡು ಹೋದರೆ ಲ್ಯಾಟಿನ್ನಿನಲ್ಲಿ 'ಇಗರ್ಜಿಯ ಮಗ' ಅನ್ನುವಲ್ಲಿಗೆ ಮುಟ್ಟುತ್ತದೆ. ಆದರೆ ಫಿರ್ಗಜಿನವನಿಗೆ ಪೋರ್ಚುಗೀಸಿನಲ್ಲಿ ಯಾವ ಪದವೋ ಅಂಗಡಿಯ ಗಿರಾಕಿಗೂ ಅದೇ ಪದ! ಎರಡರಲ್ಲೂ ಸುಳ್ಳಿಲ್ಲ. ವಾಡೊದ, ಅಂದರೆ ನಮ್ಮ ಕೇರಿಯ, ಮುಖಂಡನಾದ ಗುರ್ಕಾರ ಚಂದಾ ಪುಸ್ತಕ ಹಿಡಿದು ಅಂಗಳಕ್ಕೆ ಬಂದಾಗ ನಾವು ಗಿರಾಕಿಗಳು, ಮಿಕ್ಕ ದಿನ ಮಕ್ಕಳು. ಇಂಗ್ಲಿಷಿನವರ ಪ್ಯಾರಿಷ್ ಇನ್ನೂ ತಮಾಷೆ. ಅದರ ಗ್ರೀಕ್ ಮೂಲಕ್ಕೆ ಪರಸ್ಥಳದಲ್ಲಿ ಬಿಡಾರ ಹೂಡುವುದು ಎಂದರ್ಥ. ಯಜಮಾನರು ಹೋದ ಮೇಲೆ ಮಗಳ ಮನೆಯ ಮೂರನೇ ಮಹಡಿಗೆ ಬಂದು ಬಿದ್ದವಳಿಗೆ ಇದಕ್ಕಿಂತ ಸರಿಯಾದ ವಿಳಾಸ ಬೇಕೇ?

ಇಲ್ಲಿ ಪೂಜೆ ಕನ್ನಡದಲ್ಲಿ. ಕನ್ನಡ ಟೀಚರಿಗೆ ಅದರಲ್ಲೇನು ಕಷ್ಟ ಎಂದು ಮಗಳು ನಗುತ್ತಾಳೆ. ಕನ್ನಡದಲ್ಲಿ ಪಾಠ ಮಾಡಬಲ್ಲೆ, ಬೈಯಬಲ್ಲೆ, ಈಗ ನಿಮ್ಮ ತಲೆ ತಿನ್ನುತ್ತಿರುವ ಹಾಗೆ ಹರಟಲೂ ಬಲ್ಲೆ. ಮೊಣಕಾಲೂರಿದ ಕೂಡಲೇ ಮಾತ್ರ ಅಮ್ಮ ಕಲಿಸಿದ ಕೊಂಕಣಿಯೇ ಬಾಯಿಗೆ ಬರುತ್ತದೆ. ಜಪಸರದಲ್ಲಿ ಮರಿಯಮ್ಮನಿಗೆ 53 ಸಲ ನಮೋ ಅನ್ನಬೇಕು. ಬಾಯಿ ಕನ್ನಡದಲ್ಲಿ, ಮನಸ್ಸು ಕೊಂಕಣಿಯಲ್ಲಿ, ಬೆರಳು ಮಣಿಯ ಮೇಲೆ. ಎಲ್ಲರೂ ಐದನೇ ರಹಸ್ಯ ಮುಗಿಸಿ ಎದ್ದಾಗ ನಾನಿನ್ನೂ ನಾಲ್ಕರಲ್ಲಿ ಸಿಕ್ಕಿಕೊಂಡಿರುತ್ತೇನೆ. ಊರಿನಲ್ಲಿದ್ದ ನನ್ನ ಸ್ವಂತ ಅಜ್ಜಿಗೆ ಇದರ ತಿರುಗುಮುರುಗು ಕಷ್ಟವಿತ್ತು. ಜೀವಮಾನವೆಲ್ಲ ಲ್ಯಾಟಿನ್ ಪೂಜೆ ಕೇಳಿದವರು. ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಭಾಷೆಗೆ ಬಾಗಿಲು ತೆರೆದ ಮೇಲೆ, "ಎಲ್ಲಾ ಅರ್ಥ ಆದರೆ ಭಯ ಎಲ್ಲಿಂದ ಬರಬೇಕು?" ಎಂದು ಗೊಣಗುತ್ತಿದ್ದರು.

ಪೂಜೆಯ ನಡುವೆ ಫಾದರ್ ಮಾಡುವ ಪ್ರಬೋಧನೆಯ ವಿಷಯದಲ್ಲಿ ಅವರ ಮಾತನ್ನು ನಾನೂ ಒಪ್ಪುತ್ತೇನೆ. ಅದು ಎಂಟು ನಿಮಿಷ ದಾಟಬಾರದು, ಜನ ನಿದ್ದೆ ಹೋಗುತ್ತಾರೆ ಎಂದು ಪೋಪ್ ಫ್ರಾನ್ಸಿಸರೇ 2024ರಲ್ಲಿ ಹೇಳಿದ್ದರು. ರೋಮ್‌ನಿಂದ ಹೊರಟ ಆ ಮಾತು ನಮ್ಮ ಬೀದಿಯ ತಿರುವಿನಲ್ಲಿ ಎಲ್ಲೋ ದಾರಿ ತಪ್ಪಿದೆ. ಒಂಬತ್ತನೇ ನಿಮಿಷಕ್ಕೆ ಬೆಂಚಿನ ಅಜ್ಜಿಯ ತಲೆ ನನ್ನ ಹೆಗಲಿಗೆ ಬರುತ್ತದೆ. ಮೈಸೂರು ಮಲ್ಲಿಗೆಯ ವಾಸನೆ ಪರವಾಗಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಹಾಗೆ.

ಸೆಪ್ಟೆಂಬರ್ 8 ಬಂತು. ನಮಗದು ಮೋಂತಿ ಫೆಸ್ತ್, ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿ ಹಿಡಿದು ಮಾತೆಗೆ ಹೂವೆರಚುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಭತ್ತ ಸುಲಿದು ಹಾಲಿಗೋ ಪಾಯಸಕ್ಕೋ ಹಾಕುತ್ತೇವೆ. ಮೀನಿಲ್ಲದೆ ತುತ್ತು ಇಳಿಯದ ನಾವು ಅವತ್ತು ಬಾಳೆಲೆ ಹಾಸಿ ತರಕಾರಿಯೇ ತಿನ್ನುವುದು. ಪಲ್ಯ ಪದಾರ್ಥಗಳ ಲೆಕ್ಕ ಬೆಸವೇ ಆಗಬೇಕು, ಐದೋ ಏಳೋ. ಅಜ್ಜಿಗೆ ಅದೇ ದಿನ ವೇಲಾಂಕಣಿ ಆರೋಗ್ಯಮಾತೆ ಹಬ್ಬ. ಕಾವಿ ಸೀರೆ ಉಟ್ಟು ಬಂದಿದ್ದಳು. ನನ್ನ ತಮ್ಮ ಊರಿನಿಂದ ಪೇಪರಿನಲ್ಲಿ ಸುತ್ತಿ ಬಸ್ಸಿಗೆ ಹಾಕಿದ್ದ ತೆನೆಯಲ್ಲಿ ಒಂದನ್ನು ಅವಳ ಕೈಗಿಟ್ಟು ನಮ್ಮ ಊಟದ ವರ್ಣನೆ ಮಾಡಿದೆ. ಕೇಳಿಸಿಕೊಂಡು ಮುಖ ಸಣ್ಣ ಮಾಡಿದಳು.

"ಹಬ್ಬದ ದಿನ ಮಟನ್ ಇಲ್ದೆ ಸೊಪ್ಪು ತಿಂತೀರಾ? ಅಂಥಾ ಪಾಪ ಏನ್ ಮಾಡಿದ್ರಿ?"

ಮಧ್ಯಾಹ್ನ ಅವಳ ಮೊಮ್ಮಗನ ಕೈಯಲ್ಲಿ ಒಂದು ಡಬ್ಬಿ ಮಟನ್ ಸಾರು ಬಂತು. ಹಬ್ಬ ಮುರಿಯಬಾರದೆಂದು ರಾತ್ರಿ ಹನ್ನೆರಡರವರೆಗೆ ಕಾದೆ. ಅದಕ್ಕಿಂತ ಹೆಚ್ಚು ಕೇಳಬೇಡಿ.

ಯಜಮಾನರ ವರ್ಷದ ಪೂಜೆಗೆ ಚೀಟಿ ಬರೆದುಕೊಟ್ಟಿದ್ದೆ. ಸಿಕ್ವೇರಾ ಎಂದು, ಬೋರ್ಡಿನ ಮೇಲೆ ಬರೆಯುವ ದುಂಡಕ್ಷರದಲ್ಲಿ. ಮೈಕಿನ ಮುಂದೆ ನಿಂತ ಹುಡುಗ ಓದಿದ: "ದಿವಂಗತ ಸಿಕ್ಕೇರ..." ನನ್ನೊಳಗಿನ ಟೀಚರು ಸುಮ್ಮನಿರುತ್ತಾಳೆಯೇ? "ಸಿಕ್ವೇರಾ!" ಎಂದು ಬೆಂಚಿನಿಂದಲೇ ಕೂಗಿದೆ. ಇಡೀ ದೇವಾಲಯ ತಿರುಗಿತು. ಮಗಳು ತಲೆ ತಗ್ಗಿಸಿದಳು. ಅಜ್ಜಿ ನನ್ನ ಮಂಡಿ ತಟ್ಟಿ, "ದೇವ್ರಿಗೆ ಗೊತ್ತಾಯ್ತದೆ ಬುಡು, ಯಾವ ಸಿಕ್ಕೇರ ಅಂತ" ಅಂದಳು.

ಅಲ್ಲಿಯವರೆಗೆ ಬರೀ ತಲೆಯಾಡಿಸುತ್ತಿದ್ದವರೆಲ್ಲ ಅವತ್ತು ಹೊರಗೆ ಸುತ್ತ ನಿಂತರು. ನಿಮ್ಮೋರಾ? ಏನಾಗಿತ್ತು? ಎಷ್ಟು ವಯಸ್ಸು? ಗುರುವಾರ ಸಂಜೆ ಪ್ರಾರ್ಥನೆಗೆಂದು ಹನ್ನೊಂದು ಜನ ಮನೆಗೇ ಬಂದರು, ಲಿಫ್ಟ್ ಕೆಟ್ಟಿದ್ದರೂ. ಮಗಳ ಮನೆಯಲ್ಲಿ ಕಾಫಿ ಲೋಟ ಇದ್ದದ್ದು ಆರು. ಪ್ರಾರ್ಥನೆ ಹತ್ತು ನಿಮಿಷ. ಮಿಕ್ಕ ಒಂದು ಗಂಟೆ ಆಸ್ಪತ್ರೆಯ ಕಥೆ. ಕೊನೇ ರಾತ್ರಿ ಅವರು ನೀರು ಕೇಳಿದ್ದು, ಡಾಕ್ಟರು ಬೇಡ ಅಂದಿದ್ದಾರೆ ಎಂದು ನಾನು ಹತ್ತಿ ಅದ್ದಿ ತುಟಿ ಒರೆಸಿದ್ದು, ಅವರು ಆ ಹತ್ತಿಯನ್ನೇ ಚೀಪಿದ್ದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಮಗಳಿಗೂ. ಅವಳು ಅಡುಗೆಮನೆ ಬಾಗಿಲಲ್ಲಿ ಲೋಟ ತೊಳೆಯುವುದನ್ನು ಬಿಟ್ಟು ನಿಂತಿದ್ದಳು. ಅಜ್ಜಿ ಏನೂ ಹೇಳಲಿಲ್ಲ, ಸೆರಗಿನಿಂದ ನನ್ನ ಮೂಗನ್ನೇ ಒರೆಸಿದಳು. ಎಳೇ ಮಗುವಿಗೆ ಒರೆಸುವ ಹಾಗೆ, ಸ್ವಲ್ಪ ಒರಟಾಗಿ. ಆಮೇಲೆ ಕಾಫಿಗೆ ಸಕ್ಕರೆ ಸಾಲದು ಅಂದಳು.

ಮೊನ್ನೆ ಭಾನುವಾರ ಮೊಮ್ಮಗನ ಒಂದು ಕಾಲಿನ ಶೂ ಸಿಗದೆ ತಡವಾಯಿತು. ಓಡಿಹೋಗಿ ನೋಡಿದರೆ ಅಜ್ಜಿಯ ಪಕ್ಕ, ನನ್ನ ಜಾಗದಲ್ಲಿ, ಹೊಸ ಹುಡುಗಿಯೊಬ್ಬಳು ಕಣ್ಣುಮುಚ್ಚಿ ಕೂತಿದ್ದಾಳೆ. ನಾನು ಬಾಯಿ ತೆರೆಯುವ ಮೊದಲೇ ಅವಳ ಭುಜಕ್ಕೆ ಎರಡು ಬೆರಳು ತಿವಿದವು.

"ಅದು ಸಿಕ್ಕೇರ ಟೀಚರ್ ಜಾಗ ಕಣಮ್ಮ. ಅತ್ಲಾಗ್ ಸರ್ಕೊ."

ಹುಡುಗಿ ಸರಿದಳು. ಮುಖ ಊದಿಸಿಕೊಂಡಿದ್ದಳು, ಮುಂದಿನ ವಾರ ಸಂತ ಫಿಲೋಮಿನಾಕ್ಕೆ ಹೋಗುವ ಲಕ್ಷಣ ಸ್ಪಷ್ಟವಾಗಿ ಕಾಣುತ್ತಿತ್ತು. ಪ್ರಬೋಧನೆ ಶುರುವಾಗಿ ನಾಲ್ಕು ನಿಮಿಷವಾಗಿತ್ತು ಅಷ್ಟೇ. ಮೆಲ್ಲಗೆ ಅವಳ ಕಡೆ ಬಾಗಿ ಕೇಳಿದೆ:

"ಯಾವ ಊರು ಮಗಾ ನಿಂದು? ಒಬ್ಬಳೇ ಇರುವುದಾ? ಊಟಕ್ಕೆ ಏನು ಮಾಡ್ತಿ?"

ಮುಂದಿನ ಬೆಂಚಿನವರು ತಿರುಗಿ ನೋಡಿದರು.