ಕಂತಿನ ಕವಚ, ಬ್ಲೂಟೂತ್ ಕುಂಡಲ

ಭಾನುವಾರ ಬೆಳಗಿನ ಐದು ಗಂಟೆ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಲ್ಲಿ ವಾಚ್‌ಮನ್ ಕುರ್ಚಿ ಎಳೆದುಕೊಂಡು ಕೂತಿದ್ದಾನೆ. ವಾರಕ್ಕೊಮ್ಮೆ ಅವನಿಗೆ ಸಿಗುವ ಪುಕ್ಕಟೆ ಯಕ್ಷಗಾನ ಇದು. ಆದರೆ ಇಲ್ಲಿ ಆಟಕ್ಕಿಂತ ಚೌಕಿಯಲ್ಲಿ ವೇಷ ಕಟ್ಟುವ ಕೆಲಸವೇ ಹೆಚ್ಚು. ಬೈಕೇರಲು ಹೊರಟ ಸವಾರನೊಬ್ಬ ತೊಡುವುದು ಮೊದಲು ಮೊಣಕಾಲಿನ ಗಾರ್ಡು, ಆಮೇಲೆ ಬೂಟು, ಆಮೇಲೆ ಭುಜ, ಮೊಣಕೈ, ಬೆನ್ನಿಗೆಲ್ಲ ಪ್ಯಾಡ್ ತುಂಬಿದ ಜಾಕೆಟ್ಟು, ತಲೆಗೊಂದು ಬಟ್ಟೆಯ ಮುಸುಕು. ಎಲ್ಲ ಮುಗಿಯಿತು ಎನ್ನುವಾಗ ಉಳಿಯುವುದು ಕಿವಿ.

ಜೇಬಿನಿಂದ ಬಿಳಿಯ ಡಬ್ಬಿ ಹೊರಗೆ ಬರುತ್ತದೆ. ಎರಡು ಬಡ್ಡುಗಳು ಎರಡು ಕಿವಿಗೆ ಹೋಗುತ್ತವೆ. ಹೆಲ್ಮೆಟ್ ಎಳೆದ ಕೂಡಲೇ ಅದರ ಅಂಚು ಕಿವಿಯ ಹಾಲೆಯನ್ನು ಮಡಚಿ, ಬಲಗಡೆಯ ಬಡ್ಡನ್ನು ಕಿತ್ತು ಕೆನ್ನೆಯ ಸ್ಪಂಜಿನ ಸಂದಿಗೆ ದೂಡುತ್ತದೆ. ತೆಗೆ, ಹುಡುಕು, ಊದು, ಇಡು, ಮತ್ತೆ ಹಾಕು. ಎರಡನೆಯ ಸಲ ಬಡ್ಡು ನಿಂತಿತು, ಆದರೆ ಅದೇ ಸ್ಪಂಜು ಈಗ ಅದರ ಬೆನ್ನಿನ ಟಚ್ ಗುಂಡಿಯನ್ನು ಅದುಮಿ ಹಿಡಿಯಿತು. ಫೋನಿನೊಳಗಿನ ಸಹಾಯಕಿ ಎಚ್ಚೆತ್ತಳು. ಹೆಲ್ಮೆಟ್ಟಿನೊಳಗೆ ಸವಾರ ಗೊಣಗಿದ್ದನ್ನೇ ಅಪ್ಪಣೆಯೆಂದು ತಿಳಿದು ಮಾವನವರಿಗೆ ಫೋನು ಹಚ್ಚಿದಳು. ಐದೂ ಹತ್ತಕ್ಕೆ ಶಿವಮೊಗ್ಗದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಎದೆ ಹಿಡಿದುಕೊಂಡು ಎದ್ದು ಕೂತರು.

“ಏನಾಯ್ತಪ್ಪಾ? ಎಲ್ಲಾ ಹುಷಾರಾ?”

“ಏನಿಲ್ಲ ಮಾವ, ಸೌಂಡ್ ಚೆಕ್ ಮಾಡ್ತಿದ್ದೆ.”

ಇವನಿಗೊಂದು ಹೆಸರು ಬೇಕಲ್ಲ, ಕರ್ಣ ಎನ್ನೋಣ. ಮಹಾಭಾರತದ ಕರ್ಣ ಹುಟ್ಟುವಾಗಲೇ ಕವಚ ಕುಂಡಲ ತೊಟ್ಟು ಬಂದವನು. ನಮ್ಮವನು ಎರಡನ್ನೂ ಕಂತಿನ ಮೇಲೆ ಕೊಂಡವನು. ಕವಚದ ವಿಷಯದಲ್ಲಿ ಅವನನ್ನು ಆಡಿಕೊಳ್ಳುವ ಹಾಗಿಲ್ಲ. ರಸ್ತೆ ಬದಿಯಲ್ಲಿ ಮಾರುವ ಚಿಪ್ಪಿನಂಥ ಟೋಪಿಯನ್ನಲ್ಲ, ಐಎಸ್ 4151ರ ಐಎಸ್‌ಐ ಗುರುತಿರುವ ಮುಖಮುಚ್ಚುವ ಹೆಲ್ಮೆಟ್ಟನ್ನೇ ಹಾಕುತ್ತಾನೆ, ಪಟ್ಟಿಯನ್ನೂ ಬಿಗಿಯುತ್ತಾನೆ. ತೊಂದರೆಯೆಲ್ಲ ಕುಂಡಲದ್ದು.

ಕುಂಡಲದ ಇತಿಹಾಸ ದೊಡ್ಡದು. ಮೊದಲು ಫೋನಿನ ಜೊತೆ ಬಂದಿದ್ದ ವೈರಿನ ಇಯರ್‌ಫೋನು. ವೈರು ಜಾಕೆಟ್ಟಿನ ಕಾಲರಿಗೆ ಉಜ್ಜಿ ಕಿವಿಯೊಳಗೆ ಗರಗಸ ಎಳೆದ ಹಾಗಾಗುತ್ತಿತ್ತು, ಅದು ಹೋಯಿತು. ಕತ್ತಿಗೆ ನೇತುಹಾಕುವ ನೆಕ್‌ಬ್ಯಾಂಡ್ ಬಂತು. ಗಾಳಿಗೆ ಅದು ಹಗ್ಗ ಬಿಚ್ಚಿದ ಕರುವಿನಂತೆ ಎಗರಾಡಿತು, ಅದೂ ಹೋಯಿತು. ಆಮೇಲೆ ಗದ್ದಲವನ್ನೇ ನುಂಗುತ್ತವೆ ಎಂಬ ಬಡ್ಡುಗಳು. ಹೊರಗಿನ ಸದ್ದನ್ನು ಪುಟ್ಟ ಮೈಕಿನಿಂದ ಹಿಡಿದು, ಅದಕ್ಕೆ ವಿರುದ್ಧವಾದ ಅಲೆ ಹುಟ್ಟಿಸಿ ಅಳಿಸುವ ತಂತ್ರ ಅದು. ವಿಮಾನದ ಒಂದೇ ಶ್ರುತಿಯ ಗುಂಯ್‌ಗುಟ್ಟುವಿಕೆಯ ಮುಂದೆ ಈ ತಂತ್ರ ಜಾಣ. ಹೆಲ್ಮೆಟ್ಟಿನೊಳಗೆ ಸುಳಿಸುಳಿಯಾಗಿ ನುಗ್ಗಿ ಮೈಕಿಗೇ ಬಡಿಯುವ ಗಾಳಿಯ ಮುಂದೆ ಅದಕ್ಕೆ ತಲೆ ಕೆಡುತ್ತದೆ. ಆಮೇಲೆ ಕೆನ್ನೆಯ ಮೂಳೆಯ ಮೂಲಕ ಕೇಳಿಸುವ ಬೋನ್ ಕಂಡಕ್ಷನ್ ಬಂತು. ಕಿವಿಯ ತೂತು ಪೂರ್ತಿ ತೆರೆದಿರುತ್ತದೆ, ಹಾರನ್ನು ಕೇಳಿಸುತ್ತದೆ, ಸುರಕ್ಷಿತ ಎಂದು ಕರ್ಣ ಒಂದು ತಿಂಗಳು ಪ್ರಚಾರ ಮಾಡಿದ. ತೂತು ತೆರೆದಿದ್ದರೆ ಗಾಳಿಯ ಸದ್ದೂ ಪೂರ್ತಿ ಒಳಗೆ ಬರುತ್ತದೆ, ಅದರ ಮೇಲೆ ಹಾಡು ಕೇಳಬೇಕೆಂದರೆ ವಾಲ್ಯೂಮ್ ಇನ್ನೂ ಏರಿಸಬೇಕು ಎಂಬ ಭಾಗವನ್ನು ಪ್ರಚಾರದಿಂದ ಕೈಬಿಟ್ಟಿದ್ದ.

ಕೊನೆಗೆ ಬಂದದ್ದು ಹೆಲ್ಮೆಟ್ಟಿನ ಪಕ್ಕಕ್ಕೆ ಅಂಟಿಸುವ ಇಂಟರ್‌ಕಾಮ್. ಸೇನಾ, ಕಾರ್ಡೊ ಎಂಬ ಹೆಸರುಗಳನ್ನು ಕರ್ಣ ಭೀಷ್ಮ, ದ್ರೋಣ ಎಂದಷ್ಟೇ ಭಯಭಕ್ತಿಯಿಂದ ಹೇಳುತ್ತಾನೆ. ಒಳಗಿನ 40 ಮಿಲಿಮೀಟರ್ ಸ್ಪೀಕರ್ ಕಿವಿಯ ತೂತಿಗೆ ಸರಿಯಾಗಿ ಎದುರಾಗಿರಬೇಕು, ಒಂದು ಬೆರಳು ಆಚೀಚೆಯಾದರೂ ಬೇಸ್ ಹೋಯಿತು. ಅದಕ್ಕಾಗಿ ಒಂದು ಇಡೀ ಶನಿವಾರ ಹೆಲ್ಮೆಟ್ಟಿನ ಒಳಪದರ ಕಿತ್ತು, ಹೆಂಡತಿಯ ಲಿಪ್‌ಸ್ಟಿಕ್‌ನಲ್ಲಿ ಕಿವಿಗೆ ಬೊಟ್ಟಿಟ್ಟುಕೊಂಡು, ಹೆಲ್ಮೆಟ್ ಹಾಕಿ ತೆಗೆದು, ಗುರುತು ಎಲ್ಲಿ ಬಿತ್ತೆಂದು ಟಾರ್ಚ್ ಹಾಕಿ ನೋಡಿದ. ಉಪಾಯ ಚೆನ್ನಾಗಿಯೇ ಇದೆ. ಲಿಪ್‌ಸ್ಟಿಕ್ಕಿನ ಬೆಲೆ ಕೇಳಿಯಾದ ಮೇಲೆ ಇನ್ನೊಮ್ಮೆ ಮಾಡಲಿಲ್ಲ.

“ಪಿ.ಬಿ. ಶ್ರೀನಿವಾಸ್ ಉಸಿರು ಎಳ್ಕೊಳ್ಳೋದೂ ಕೇಳ್ಸುತ್ತೆ ಗುರು!” ಎಂದು ಗೆಳೆಯರಿಗೆ ಹೇಳಿದ. ನಿಂತ ಗಾಡಿಯ ಮೇಲೆ ಅದು ನಿಜವೂ ಹೌದು.

ಇಷ್ಟೆಲ್ಲ ಓದಿಕೊಂಡವನಿಗೆ ಒಂದು ಸಂಗತಿ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಬೈಕಿನವನ ಕಿವಿಗೆ ಶತ್ರು ಎಂಜಿನ್ ಅಲ್ಲ, ಗಾಳಿ. ಗಂಟೆಗೆ ಸುಮಾರು 60 ಕಿಲೋಮೀಟರ್ ದಾಟಿದರೆ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ 90 ಡೆಸಿಬೆಲ್ ಆಸುಪಾಸಿಗೆ ಬರುತ್ತದೆ. ನೂರರ ವೇಗದಲ್ಲಿ ಅದು 95ರಿಂದ 100. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು ಬೊಂಬೆಯ ತಲೆಗೆ ಹೆಲ್ಮೆಟ್ ಹಾಕಿ ಗಾಳಿಸುರಂಗದಲ್ಲಿ ಇಟ್ಟು, ಗಲ್ಲದ ಕೆಳಗಿನ ಜಾಗದಲ್ಲಿ ಸುಳಿಯುವ ಗಾಳಿಯೇ ಈ ಗದ್ದಲದ ಒಂದು ದೊಡ್ಡ ಮೂಲ ಎಂದು ಕಂಡುಕೊಂಡರು. ಎಷ್ಟೇ ದುಬಾರಿ ಹೆಲ್ಮೆಟ್ ಆಗಲಿ, ಕೆಳಗೆ ಬಾಯಿ ತೆರೆದೇ ಇರಬೇಕು, ಕತ್ತು ಹೋಗಬೇಕಲ್ಲ!

ಅಮೆರಿಕದ ನಯೋಶ್ ಸಂಸ್ಥೆಯ ಲೆಕ್ಕ ಹೀಗಿದೆ: ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ಸದ್ದನ್ನು ಕಿವಿ ತಡೆದೀತು. ಅದರ ಮೇಲೆ ಪ್ರತಿ ಮೂರು ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. 97ಕ್ಕೆ ಅರ್ಧ ಗಂಟೆ, 100ಕ್ಕೆ ಹದಿನೈದೇ ನಿಮಿಷ. ಅಂದರೆ ನೆಲಮಂಗಲದಲ್ಲಿ ಊರು ಮುಗಿಯಿತೆಂದು ಆಕ್ಸಿಲರೇಟರ್ ತಿರುಗಿಸಿದವನ ಕಿವಿಯ ರೇಷನ್ನು, ದಾಬಸ್‌ಪೇಟೆ ಬಂದು ಶಿವಗಂಗೆ ಬೆಟ್ಟ ಕಾಣುವ ಹೊತ್ತಿಗೆ ಖಾಲಿಯಾಗಿರುತ್ತದೆ. ಇದು ಬರೀ ಗಾಳಿಯ ಬಾಬ್ತು. ಪಿ.ಬಿ. ಶ್ರೀನಿವಾಸ್ ಈ ಗಾಳಿಯನ್ನು ಮೀರಿ ಹಾಡಬೇಕು, ಪಾಪ. ಅವರದೋ ರೇಷ್ಮೆಯ ದನಿ.

ಇಲ್ಲಿ ಒಂದು ಮಾತು. ಊಟ ತಲುಪಿಸುವ ಹುಡುಗರು ಒಂದೇ ಕಿವಿಗೆ ಅಗ್ಗದ ವೈರು ಸಿಕ್ಕಿಸಿಕೊಂಡು ಓಡಾಡುವುದನ್ನು ಕರ್ಣನ ಜೊತೆ ಸೇರಿಸಬಾರದು. ಮನೆ ಹುಡುಕುವುದು ಅವರ ಅನ್ನ. ಮೊಬೈಲನ್ನೇ ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ತುರುಕಿಕೊಂಡು ಸೈಟಿನ ವ್ಯವಹಾರ ಮುಗಿಸುವ ಸ್ಕೂಟರಿನ ಯಜಮಾನರದು ಬೇರೆಯೇ ಪಂಗಡ, ಅವರಿಗೆ ಬೇರೆಯೇ ಲೇಖನ ಬೇಕು. ಕೈಯಲ್ಲಿ ಮೊಬೈಲ್ ಹಿಡಿದು ಗಾಡಿ ಓಡಿಸಿದರೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ 1,000ದಿಂದ 5,000 ರೂಪಾಯಿವರೆಗೆ ದಂಡವಿದೆ. ಕೈಯಲ್ಲಿ ಹಿಡಿದಿಲ್ಲವಲ್ಲ ಸಾರ್, ಕೆನ್ನೆಯಲ್ಲಿ ಹಿಡಿದಿದ್ದೇನೆ ಎಂದು ವಾದಿಸಬಲ್ಲ ಜನ ಅವರು.

ಕರ್ಣನ ಕಥೆಗೆ ತಿರುವು ಬಂದದ್ದು ಕ್ಯಾತ್ಸಂದ್ರದಲ್ಲಿ, ತಟ್ಟೆ ಇಡ್ಲಿಯ ಮುಂದೆ. ಏಳೆಂಟು ಬೈಕುಗಳು ಸಾಲಾಗಿ ನಿಂತಿದ್ದವು. ಇಡ್ಲಿಯ ಮೇಲೆ ಬೆಣ್ಣೆ ಕರಗುತ್ತಿತ್ತು, ಕರ್ಣ ಬ್ಲೂಟೂತ್ ಕೋಡೆಕ್‌ಗಳ ಮೇಲೆ ಉಪನ್ಯಾಸ ಕೊಡುತ್ತಿದ್ದ. ಅದೂ ಏರುದನಿಯಲ್ಲಿ. ಗಾಡಿಯಿಂದ ಇಳಿದ ಅರ್ಧ ಗಂಟೆಯವರೆಗೂ ಅವನ ದನಿ ಹಾಗೆಯೇ, ಸಂತೆಯಲ್ಲಿ ಎಮ್ಮೆ ಕೊಳ್ಳುವವನ ದನಿ. ಅಷ್ಟರಲ್ಲಿ ಹಳೆಯ ಯೆಜ್ಡಿಯೊಂದು ಬಂದು ನಿಂತಿತು. ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದೇ 1996ರಲ್ಲಿ, ಗಾಡಿ ಅದಕ್ಕಿಂತ ಹಳೆಯದು. ಇಳಿದವರು ಅರವತ್ತು ದಾಟಿದವರು, ಮಿಲ್ಲಿನಲ್ಲಿ ಮಗ್ಗದ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರು. ಹೆಲ್ಮೆಟ್ ತೆಗೆದು, ಎರಡೂ ಕಿವಿಯಿಂದ ಹಳದಿ ಸ್ಪಂಜಿನ ಎರಡು ತುಂಡು ಹೊರಗೆಳೆದು ಅಂಗಿಯ ಜೇಬಿನ ಡಬ್ಬಿಗೆ ಹಾಕಿದರು.

“ಯಾವ ಬ್ರ್ಯಾಂಡ್ ಸಾರ್?” ಕರ್ಣ ಕೂಗಿದ.

“ಯಾಕಪ್ಪಾ ಕಿರುಚ್ತೀಯ? ನನಗೆ ಕೇಳ್ಸುತ್ತೆ.”

ಸುತ್ತಲಿನ ಟೇಬಲ್ಲುಗಳು ನಕ್ಕವು. ಆ ಹಿರಿಯರು ಹೊಸದೊಂದು ಜೊತೆ ತೆಗೆದು ತೋರಿಸಿದರು. ವಸ್ತುವೇನೂ ಹೊಸದಲ್ಲ, 1970ರ ದಶಕದಿಂದ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ನೊರೆಯ ಬೆಣೆ. ಬತ್ತಿ ಹೊಸೆದ ಹಾಗೆ ಬೆರಳಲ್ಲಿ ಸಣ್ಣಗೆ ಹೊಸೆಯಬೇಕು. ಆಮೇಲೆ ಇನ್ನೊಂದು ಕೈಯನ್ನು ತಲೆಯ ಮೇಲಿಂದ ಹಾಯಿಸಿ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಬೆಣೆಯನ್ನು ಒಳಗೆ ಬಿಟ್ಟು, ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಬೇಕು. ಹಿಂದೆ ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ತಲೆಯ ಮೇಲಿಂದ ಕೈ ಹಾಕಿಸಿ ಆಚೆ ಕಿವಿ ಮುಟ್ಟಿಸುತ್ತಿದ್ದರಲ್ಲ, ಥೇಟ್ ಅದೇ ಭಂಗಿ. ಕರ್ಣ ಎಲ್ಲರೆದುರು ಆ ಪರೀಕ್ಷೆಯನ್ನು ಎರಡನೆಯ ಸಲ ಬರೆದ. ಮೊದಲ ಯತ್ನದಲ್ಲಿ ಬೆಣೆ ಅಣಬೆಯಂತೆ ಹೊರಗೇ ನಿಂತಿತು. ಹಾಗೆ ನಿಂತರೆ ಪ್ರಯೋಜನವಿಲ್ಲ, ಕನ್ನಡಿಯಲ್ಲಿ ನೇರ ನೋಡಿದರೆ ಅದು ಕಾಣಲೇಬಾರದು.

“ಹಾರನ್ ಕೇಳ್ಸುತ್ತಾ ಸಾರ್?”

“ಗಾಳಿ ಎಷ್ಟು ಕಮ್ಮಿ ಆಗುತ್ತೋ ಹಾರನ್ನೂ ಅಷ್ಟೇ ಕಮ್ಮಿ ಆಗುತ್ತೆ. ಗಾಳಿಯ ಮೇಲೆ ಹಾರನ್ ಮೊದಲು ಎಷ್ಟು ಎದ್ದು ಕೇಳ್ಸುತ್ತಿತ್ತೋ ಈಗಲೂ ಅಷ್ಟೇ ಎದ್ದು ಕೇಳ್ಸುತ್ತೆ. ನಿನ್ನ ಸ್ಪೀಕರೂ ಹಾಗೇ. ಇದನ್ನ ಹಾಕ್ಕೊಂಡೇ ಸಣ್ಣಗೆ ಇಟ್ಕೋ, ಮ್ಯಾಪಿನ ಮಾತು ಕೇಳ್ಸುತ್ತೆ.”

ಆಮೇಲೆ ಅವರು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಡಬ್ಬಿಯ ಮೇಲೆ 33 ಡೆಸಿಬೆಲ್ ತಡೆ ಎಂದು ಅಚ್ಚಾಗಿರುತ್ತದೆ, ಅದನ್ನು ನಂಬಬಾರದು. 33ರಲ್ಲಿ ಏಳು ಕಳೆದು ಉಳಿದದ್ದನ್ನು ಅರ್ಧ ಮಾಡು ಎನ್ನುವುದು ಕಾರ್ಖಾನೆಗಳ ಸುರಕ್ಷತೆಯವರ ರೂಢಿ. 13 ಬಂತು. ನೂರರ ವೇಗದ ಗಾಳಿಯ ಸದ್ದು 97 ಎಂದಿಟ್ಟುಕೊಂಡು ಅದರಿಂದ 13 ಕಳೆದರೆ 84. ಎಂಟು ಗಂಟೆಯ ಮಿತಿಗಿಂತ ಒಂದು ಕಡಿಮೆ. ಹತ್ತಿಯಲ್ಲಿ ಆಗಲ್ವಾ ಎಂದು ಪಕ್ಕದ ಟೇಬಲ್ಲಿನವರು ಕೇಳಿದರು. ಹತ್ತಿ ತಡೆಯುವುದು ಚಳಿಯನ್ನು, ಸದ್ದನ್ನಲ್ಲ.

ಬೆಲೆ ಕೇಳಿ ಕರ್ಣನ ಮುಖ ಬಾಡಿತು. ಒಂದು ಜೊತೆಗೆ ಒಂದು ಕಾಫಿಯಷ್ಟು ದುಡ್ಡು. ಅಷ್ಟು ಅಗ್ಗವಾದದ್ದು ಕೆಲಸ ಮಾಡುತ್ತದೆ ಎಂದು ನಂಬುವುದು ಅವನಂಥ ಮನುಷ್ಯನಿಗೆ ಕಷ್ಟ. ಮೂವತ್ತು ಸಾವಿರ ಹೇಳಿದ್ದರೆ ಅಲ್ಲೇ ಆರ್ಡರ್ ಮಾಡುತ್ತಿದ್ದ.

ಕೊನೆಗೆ ಅವನನ್ನು ನಂಬಿಸಿದ್ದು ಹಿರಿಯರೂ ಅಲ್ಲ, ನಯೋಶೂ ಅಲ್ಲ, ಅಡುಗೆಮನೆ. ಒಂದು ಸಂಜೆ ಹೆಂಡತಿ, “ರೀ, ಸೊಪ್ಪು ತಗೊಂಡು ಬನ್ನಿ” ಎಂದಳು. ಕರ್ಣ ಒಂದು ಕೆಜಿ ಉಪ್ಪು ತಂದ. ಮನೆಯಲ್ಲಿ ಆಗಲೇ ಮೂರು ಪ್ಯಾಕೆಟ್ ಇತ್ತು, ಅಂದರೆ ಇದು ಮೊದಲ ಸಲವಲ್ಲ. ಸದ್ದಿನಿಂದ ಹಾಳಾಗುವ ಕಿವಿ ಮೊದಲು ಬಿಟ್ಟುಕೊಡುವುದು ಎತ್ತರದ ಕಂಪನಗಳನ್ನು, 4000 ಹರ್ಟ್ಸ್ ಸುತ್ತಮುತ್ತಲಿನದನ್ನು. ಸ, ಶ, ಚದಂಥ ತೆಳುವಾದ ಅಕ್ಷರಗಳು ಬದುಕುವುದು ಆ ಮೇಲಿನ ಓಣಿಯಲ್ಲೇ. ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಒಳಗಿವಿಯಲ್ಲಿ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಇದಕ್ಕೆ ಕಂತೂ ಇಲ್ಲ, ಎಕ್ಸ್‌ಚೇಂಜೂ ಇಲ್ಲ.

ಹೆಂಡತಿಯೇ ಕಿವಿ ಹಿಂಡಿ ಪರೀಕ್ಷೆಗೆ ಕರೆದೊಯ್ದಳು. ಸದ್ದಿಲ್ಲದ ಪುಟ್ಟ ಕೋಣೆ, ಗಾಜಿನಾಚೆ ಆಡಿಯಾಲಜಿಸ್ಟ್. ಬೀಪ್ ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದು ಅವರು ತಲೆಗೆ ಹೆಡ್‌ಫೋನ್ ಹಾಕಿದರು. ಕರ್ಣ ಗುಂಡಿ ಒತ್ತುವುದು ಬಿಟ್ಟು ಹೆಡ್‌ಫೋನ್ ಸವರಿ ನೋಡಿ ಕೇಳಿದ: “ಮೇಡಂ, ಇದರ ಡ್ರೈವರ್ ಎಷ್ಟು ಎಂಎಂ?”

ಗ್ರಾಫಿನ ಗೆರೆ 4000ದ ಹತ್ತಿರ ಎರಡೂ ಕಿವಿಗೆ ಸಣ್ಣಗೆ ಕುಸಿದಿತ್ತು. ಈಗಲೇ ಎಚ್ಚೆತ್ತರೆ ಸಾಕು, ಇದ್ದದ್ದನ್ನು ಉಳಿಸಿಕೊಳ್ಳಬಹುದು ಎಂದರು.

ಈಗ ಕರ್ಣ ಮೌನದ ಪ್ರಚಾರಕ. ನೊರೆಯ ಬೆಣೆ, ಸೋಸುವ ಫಿಲ್ಟರಿನ ಬೆಣೆ, ಕಿವಿಯ ಅಚ್ಚು ತೆಗೆಸಿ ಮಾಡಿಸಿದ ಸಿಲಿಕೋನ್ ಬೆಣೆ, ಮೂರನ್ನೂ ಹೋಲಿಸಿ ಎಕ್ಸೆಲ್ಲಿನಲ್ಲಿ ಪಟ್ಟಿ ಮಾಡಿದ್ದಾನೆ. ನೊರೆಯದು ಕೊಳೆಯಾದರೆ ಬಿಸಾಡಬೇಕು, ಕೊಳಕು ಬೆಣೆ ಕಿವಿಗೆ ಸೋಂಕು ತರುತ್ತದೆ ಎಂದು ಗುಂಪಿನವರನ್ನು ಗದರಿಸುತ್ತಾನೆ. ಕೊನೆಗೆ ತಾನು ಹಾಕಿಕೊಳ್ಳುವುದು ಮಾತ್ರ ಕ್ಯಾತ್ಸಂದ್ರದ ಹಳದಿಯದನ್ನೇ.

ಕುಂಡಲ? ಕಳೆದ ತಿಂಗಳು ಶಿವಮೊಗ್ಗದಿಂದ ಬಾಮೈದ ಬಂದಿದ್ದ. ಹೊಸ ಬೈಕು ಕೊಂಡಿದ್ದೇನೆ ಭಾವ, ಇಂಟರ್‌ಕಾಮ್ ಇದ್ದರೆ ಚೆನ್ನಾಗಿತ್ತು ಎಂದ. ಕರ್ಣ ಕ್ಷಣವೂ ಯೋಚಿಸದೆ ಹೆಲ್ಮೆಟ್ಟಿನಿಂದ ಅದನ್ನು ಕಿತ್ತು, ಲಿಪ್‌ಸ್ಟಿಕ್ಕಿನ ಗುರುತಿನ ಸ್ಪೀಕರ್ ಸಮೇತ ದಾನ ಮಾಡಿದ. ಒಂದು ಜೊತೆ ಹಳದಿ ಬೆಣೆಯನ್ನೂ ಜೊತೆಗೆ ಕೊಟ್ಟ. ಕಂತು ಇನ್ನೂ ನಾಲ್ಕು ತಿಂಗಳು ಬಾಕಿ ಇದೆ.